ಕುರ್ವೆಯ ಬಳಚು

ಏಪ್ರಿಲ್ 13, 2025, ಭಾನುವಾರ

ನಿನ್ನೆ ಚೈತ್ರದ ಹುಣ್ಣಿಮೆ. ಗೆಳತಿಯ ತಾಯಿ ಈ ತಿಥಿಯನ್ನು ಒಂದು ತಿಂಗಳ ಹಿಂದೆಯೇ ಹೇಳಿಟ್ಟಿದ್ದರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚಿದಷ್ಟೇ ಇಳಿತವೂ ಹೆಚ್ಚುವುದರಿಂದ, ಉಳಿದ ದಿನಗಳಲ್ಲಿ ನೀರಿನಡಿಯಲ್ಲೇ ಇರುವ ಮರಳದಿಬ್ಬಗಳು ಆ ಸಂಜೆ ಬಯಲಾಗುತ್ತವೆ, ಬಳಚು ಬೇಕಿದ್ದರೆ ಆಗಲೇ ಬರಬೇಕು ಎಂಬುದು ಅವರ ಮಾತಾಗಿತ್ತು. ಹೀಗಾಗಿ ಶನಿವಾರ ಬೆಳಿಗ್ಗೆ ಶಿರಸಿಯಿಂದ ಘಟ್ಟವಿಳಿದು, ಕುಮಟಾ ತಾಲ್ಲೂಕಿನ ಐಗಳಕುರ್ವೆಯಲ್ಲಿರುವ ಅವರ ಮನೆಗೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿದೆ. ಹೊಳೆಯ ಮಧ್ಯದ ನಡುಗಡ್ಡೆಯನ್ನು ನಮ್ಮ ಜಿಲ್ಲೆಯ ಕರಾವಳಿಯವರು ಕುರ್ವೆ ಎನ್ನುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಐಗಳಕುರ್ವೆಯಂತೆ ಮಾಸೂರುಕುರ್ವೆಯೂ ಇದೆ.

ಬಳಚು ಎಂದರೆ ಚಿಪ್ಪಿಕಲ್ಲು, ಮರಳಿನಲ್ಲಿ ಹುದುಗಿ ಬದುಕುವ ಎರಡು ಚಿಪ್ಪಿನ ಮೃದು ಜೀವಿ. ಇದು ತೀರಾ ಸಿಹಿನೀರಿನಲ್ಲೂ ಕಡಲಿನ ನಡುವಿನಲ್ಲೂ ಸಿಗುವಂಥದ್ದಲ್ಲ. ಹೊಳೆಯ ನೀರೂ ಕಡಲಿನ ಉಪ್ಪೂ ದಿನಕ್ಕೆರಡು ಸಲ ಬೆರೆಯುವ ಅಳಿವೆಯೇ ಇದರ ಮನೆ. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ತುಂಬಿ ಬಂದು ಅಳಿವೆ ಸಪ್ಪೆಯಾದಾಗ ಹೆಕ್ಕುವ ಕೆಲಸ ನಿಂತುಹೋಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಉಪ್ಪು ನಿಧಾನವಾಗಿ ಮೇಲೇರುತ್ತದೆ, ಬೇಸಿಗೆ ಬಲಿಯುವಷ್ಟರಲ್ಲಿ ಚಿಪ್ಪಿನೊಳಗಿನ ಮಾಂಸವೂ ಬಲಿಯುತ್ತದೆ. ನಾನು ಬದುಕುತ್ತಿರುವ ಶಿರಸಿಯ ಸೀಮೆಯಲ್ಲೇ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟೆಯಿಲ್ಲ. ನೀರು ತನ್ನ ಕಾಲಕ್ಕೆ ತಾನು ಬಂದು ಹೋಗುವುದರಿಂದಲೇ ಇಲ್ಲಿನ ಬಳಚಿಗೆ ಇಷ್ಟು ಸೊಗಸು ಎಂದು ನಾನು ನಂಬಿದ್ದೇನೆ.

ಸಂಜೆ ನಾಲ್ಕರ ಮೇಲೆ ಸಣ್ಣ ದೋಣಿಯಲ್ಲಿ ದಿಬ್ಬದ ಕಡೆಗೆ ಹೊರಟೆವು. ಮೊಣಕಾಲುದ್ದದ ನೀರಿನಲ್ಲಿ ಆಗಲೇ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಬಾಗಿ ನಿಂತಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅವರವರ ಅಲ್ಯೂಮಿನಿಯಂ ಪಾತ್ರೆ ತೇಲುತ್ತ ಹಿಂಬಾಲಿಸುತ್ತಿತ್ತು. ಆಳದ ಕಡೆ ಗಂಡಸರು ದೋಣಿ ನಿಲ್ಲಿಸಿಕೊಂಡು ಮುಳುಗಿ ಏಳುತ್ತಿದ್ದರು. ನೀರು ಪೂರ್ತಿ ಇಳಿದ ಜಾಗದಲ್ಲಿ ಮರಳಿನ ಮೇಲೆ ಕಾಣುವ ಜೋಡಿ ತೂತುಗಳನ್ನು ಗೆಳತಿಯ ಅಮ್ಮ ತೋರಿಸಿಕೊಟ್ಟರು. ಬಳಚು ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದ ಆಹಾರವನ್ನು ಸೋಸಿ, ಮತ್ತೆ ಹೊರಬಿಡುವ ಎರಡು ನಳಿಕೆಗಳ ಗುರುತು ಅದು. ನೀರಿರುವಲ್ಲಿ ಕಣ್ಣು ಉಪಯೋಗಕ್ಕೆ ಬರುವುದಿಲ್ಲ, ಅಂಗಾಲಿನಿಂದಲೇ ಹುಡುಕಬೇಕು. ಮೊದಲ ಅರ್ಧ ಗಂಟೆ ನನ್ನ ಕಾಲಿಗೆ ತಾಗಿದ್ದೆಲ್ಲ ಕಲ್ಲು ಮತ್ತು ಸತ್ತ ಚಿಪ್ಪು. ಆಮೇಲೆ ಮರಳಿನಡಿ ದುಂಡಗೆ, ನುಣುಪಾಗಿ, ತುಸು ಅಲುಗಿದಂತೆ ಏನೋ ಒತ್ತಿತು. ಕೈಹಾಕಿ ಎತ್ತಿದರೆ ಬೂದು ಹಳದಿಯ ಬಳಚು, ಅಂಗೈಯಲ್ಲಿ ಬಾಯಿ ಬಿಗಿದು ಕುಳಿತಿತ್ತು. ಆ ಕ್ಷಣದ ಸಂತೋಷವನ್ನು ಇಲ್ಲಿ ಬರೆದಿಡದೆ ಇರಲಾರೆ.

ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ನಾಲ್ಕಾರು ಮರಿಗಳನ್ನೂ ನಾನು ಪಾತ್ರೆಗೆ ಹಾಕಿದ್ದೆ. ಅಮ್ಮ ಒಂದೂ ಮಾತನಾಡದೆ ಅವುಗಳನ್ನು ಆರಿಸಿ ಮರಳಿಗೆ ಮರಳಿಸಿದರು. ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ ಹಿಗ್ಗಿದ್ದೆ. ಆದರೆ ಈ ಜಾಗವನ್ನು ಕಾಯುವ ಕೆಲಸ ಎಷ್ಟು ಸಣ್ಣ ಸಣ್ಣ ಕೈಚಳಕಗಳಲ್ಲಿ ನಡೆಯುತ್ತದೆ ಎಂಬುದನ್ನು ನಿನ್ನೆಯೇ ಕಂಡದ್ದು.

ಮನೆಗೆ ಬಂದ ಮೇಲೆ ಬಳಚನ್ನು ತೊಳೆಯಲು ನಾನು ಬಾವಿಕಟ್ಟೆಯ ಕಡೆ ಹೊರಟೆ. "ಬಾವಿನೀರು ಬೇಡ ತಂಗಿ, ಸಪ್ಪೆ ನೀರು ಕಂಡರೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ, ಆಮೇಲೆ ಮರಳು ಒಳಗೇ ಉಳಿಯುತ್ತದೆ" ಎಂದು ಅಮ್ಮ ತಡೆದರು. ದೋಣಿಯಲ್ಲೇ ತಂದಿದ್ದ ಹೊಳೆಯ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆವು. ಬೆಳಿಗ್ಗೆ ಎದ್ದು ನೋಡಿದಾಗ ಪಾತ್ರೆಯ ತಳದಲ್ಲಿ ಒಂದು ಹಿಡಿಯಷ್ಟು ನಯವಾದ ಮರಳು ಕೂತಿತ್ತು, ಬಳಚುಗಳೆಲ್ಲ ತುಸುವೇ ಬಾಯ್ತೆರೆದು ಬಿಳಿ ನಾಲಿಗೆ ಚಾಚಿದ್ದವು.

ಅಡುಗೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆದಿಡುತ್ತೇನೆ. ಅಮ್ಮ ಬಳಚನ್ನು ಒಂದು ತೊಟ್ಟೂ ನೀರು ಹಾಕದೆ ಪಾತ್ರೆಗೆ ಸುರಿದು ಮುಚ್ಚಿ ಒಲೆಯ ಮೇಲಿಟ್ಟರು. ನಾಲ್ಕೈದು ನಿಮಿಷಗಳಲ್ಲಿ ಒಳಗಿನಿಂದ ಟಕಟಕ ಸದ್ದು ಕೇಳಿಸಿತು. ಮುಚ್ಚಳ ತೆಗೆದರೆ ಚಿಪ್ಪುಗಳೆಲ್ಲ ಅರಳಿದ್ದವು, ಪಾತ್ರೆಯ ತುಂಬ ತೆಳು ಹಾಲಿನ ಬಣ್ಣದ ರಸ ಬಿಟ್ಟಿತ್ತು. ಬಾಯಿ ಬಿಡದ ಮೂರನ್ನು ಎತ್ತಿ ಎಸೆದರು, ಅವು ಮೊದಲೇ ಸತ್ತಿರಬಹುದು, ತಿನ್ನಬಾರದು. ರಸವನ್ನು ತೆಳು ಬಟ್ಟೆಯಲ್ಲಿ ಸೋಸಿ ಪಕ್ಕಕ್ಕಿಟ್ಟರು. ಮಾಂಸ ಅಂಟಿಕೊಂಡ ಚಿಪ್ಪನ್ನು ಮಾತ್ರ ಉಳಿಸಿಕೊಂಡು, ಖಾಲಿ ಚಿಪ್ಪನ್ನು ಮುರಿದು ತೆಗೆದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ, ತೆಂಗಿನಕಾಯಿಯನ್ನು ತರಿತರಿಯಾಗಿ ಅರೆದ ಮಸಾಲೆಗೆ ಹುಳಿಗೆಂದು ಅಂಗಳದ ಮರದ ಮಾವಿನಮಿಡಿ ಬಿತ್ತು. ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುವ ಕುಮಟೆಯ ಸಿಹಿ ಈರುಳ್ಳಿಯ ಕಾಲವೂ ಇದೇ ಆದ್ದರಿಂದ, ಅದನ್ನೇ ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು, ಮಸಾಲೆ, ಬಳಚು, ಸೋಸಿಟ್ಟ ರಸ ಎಲ್ಲವನ್ನೂ ಕೂಡಿಸಿ ಗಟ್ಟಿಯಾಗುವವರೆಗೆ ಬತ್ತಿಸಿದರು. ಉಪ್ಪಿನ ಮರಿಗೆಯ ಕಡೆ ಅವರ ಕೈ ಹೋಗಲೇ ಇಲ್ಲ. ಬಳಚು ತನ್ನೊಳಗೆ ತುಂಬಿಕೊಂಡು ತಂದ ಅಳಿವೆಯ ಉಪ್ಪೇ ಆ ಸುಕ್ಕೆಗೆ, ಎಂದರೆ ಬತ್ತಿಸಿದ ಗಟ್ಟಿ ಪಲ್ಯಕ್ಕೆ, ಸಾಕಾಯಿತು.

ಜೊತೆಗೆ ಕಗ್ಗದ ಅಕ್ಕಿಯ ಗಂಜಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯಬಲ್ಲ ಈ ಭತ್ತ ಈಗ ಅಪರೂಪವಾಗಿದೆ, ಅಮ್ಮ ನನಗೆಂದೇ ತೆಗೆದಿಟ್ಟಿದ್ದರು. ಕೆಂಪು ಗಂಜಿಯನ್ನು ಒಂದು ಗುಟುಕು ಕುಡಿದು ಚಿಪ್ಪನ್ನು ತುಟಿಗೆ ಒತ್ತಿ ಹೀರಿದೆ. ಮೊದಲು ನಾಲಿಗೆಗೆ ಕಾಯಿಯ ಸಿಹಿ, ಬೆನ್ನಿಗೇ ಮಾವಿನ ಚುರುಕು, ಹಲ್ಲಿಗೆ ಸಿಕ್ಕ ಮೇಲೆ ಮೆತ್ತಗೂ ಅಲ್ಲದ ಗಟ್ಟಿಯೂ ಅಲ್ಲದ ಮಾಂಸ, ಎಲ್ಲ ನುಂಗಿದ ಮೇಲೂ ಉಳಿಯುವ ಹೊಳೆಯ ಸಣ್ಣ ಉಪ್ಪು. ಪೇಟೆಯಲ್ಲಿ ಮಂಜುಗಡ್ಡೆಯೊಳಗಿಟ್ಟು ಮಾರುವ ಬಳಚನ್ನೂ ನಾನು ತಿಂದಿದ್ದೇನೆ, ಅದರಲ್ಲಿ ಈ ಕೊನೆಯ ರುಚಿ ಇರುವುದಿಲ್ಲ. ಎಷ್ಟು ತಿಂದೆನೆಂಬುದನ್ನು ತಟ್ಟೆಯ ಪಕ್ಕದ ಚಿಪ್ಪಿನ ರಾಶಿಯೇ ಹೇಳುತ್ತಿತ್ತು. ಗೆಳತಿ ಆ ರಾಶಿಯನ್ನು ಬಾಚಿ ತೆಂಗಿನ ಬುಡಕ್ಕೆ ಸುರಿದಳು.

ಹೊರಡುವಾಗ ಅಮ್ಮ ಸುಕ್ಕೆಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಟ್ಟು, 27ನೇ ತಾರೀಕಿನ ಅಮಾವಾಸ್ಯೆಯೂ ಭಾನುವಾರವೇ ಬೀಳುತ್ತದೆ, ಮಳೆ ಹಿಡಿಯುವುದರೊಳಗೆ ಇನ್ನೊಮ್ಮೆ ಬಂದು ಹೋಗು ಎಂದರು. ರಾತ್ರಿ ಮನೆ ಮುಟ್ಟಿದೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತುಹಾಕಿದ್ದೇನೆ. ಡಬ್ಬಿಯನ್ನು ತೊಳೆದು ಚೀಲದೊಳಗೆ ಇಟ್ಟಾಗಿದೆ.