ನಾಡಿದ್ದು ಬರುವ ಕಸದ ಲಾರಿ

ಕಳೆದ ಭಾನುವಾರ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ನಮ್ಮ ನೀಲಿ ಕಸದ ಡಬ್ಬದತ್ತ ಬೊಟ್ಟು ಮಾಡಿ, ‘ಲಾರಿ ಬರುವುದು ಓವರ್‌ಮಾರೋ’ ಎಂದರು. ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಆ ಪದ ನನ್ನ ಕಿವಿಗೆ ಬಿದ್ದಿರಲಿಲ್ಲ. ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದ ಅವರಿಗೆ, ಬಳಕೆ ತಪ್ಪಿದ ಪದವೊಂದನ್ನು ಹೀಗೆ ತೇಲಿಬಿಟ್ಟು ಎದುರಿಗಿದ್ದವರ ಮುಖ ನೋಡುವುದೆಂದರೆ ಪ್ರೀತಿ. ಅರ್ಥ ಕೇಳಿದ ಮೇಲೆ ನನಗೆ ನಗು ಬಂತು. ಅದು ನಮ್ಮ ‘ನಾಡಿದ್ದು’!

ಮೈಲ್ಸ್ ಕವರ್‌ಡೇಲ್ ಜರ್ಮನ್ ಮತ್ತು ಲ್ಯಾಟಿನ್ ಪಠ್ಯಗಳಿಂದ ಅನುವಾದಿಸಿ 1535ರಲ್ಲಿ ಅಚ್ಚಿಗೆ ಕೊಟ್ಟ ಬೈಬಲ್ಲಿನಲ್ಲಿ ಈ ಪದವಿದೆಯಂತೆ. ಜರ್ಮನ್ನರು ಇಂದಿಗೂ ‘ಊಬರ್‌ಮೊರ್ಗನ್’ ಎಂದು ದಿನವೂ ಆಡುವ ಮಾತನ್ನು ಇಂಗ್ಲಿಷರು ಕಳೆದುಕೊಂಡು, ಅದರ ಜಾಗದಲ್ಲಿ ಮೂರು ಪದಗಳನ್ನು ಪೋಣಿಸಿಕೊಂಡಿದ್ದಾರೆ. ಏಳು ರಾತ್ರಿಗಳ ‘ಸೆನ್‌ನೈಟ್’ ಕೂಡ ಹೋಯಿತು. ಹದಿನಾಲ್ಕು ರಾತ್ರಿಗಳ ‘ಫೋರ್ಟ್‌ನೈಟ್’ ಮಾತ್ರ ಉಳಿದು, ನಮ್ಮ ಬೀದಿಯ ಕಸದ ಲಾರಿಯ ಲೆಕ್ಕಕ್ಕೆ ಒದಗುತ್ತಿದೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಕಿಟೆಲ್ಲರು ಜರ್ಮನಿಯವರಲ್ಲವೇ, ‘ನಾಡಿದ್ದು’ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯುವಾಗ ಮನೆಮಾತಿನ ಆ ಒಂದೇ ಪದ ಅವರ ನಾಲಿಗೆಯ ತುದಿಗೆ ಬಂದಿರಬೇಕೆಂದು ನನ್ನ ಊಹೆ.

ನಮ್ಮ ಮಾತನ್ನು ಕೇಳುತ್ತ ನಿಂತಿದ್ದ ಎಂಟು ವರ್ಷದ ಮಗಳು, ‘ಅಪ್ಪಾ, ಇಷ್ಟು ವರ್ಷ ಇವರೆಲ್ಲ ನಾಡಿದ್ದು ಇಲ್ಲದೆ ಹೇಗಿದ್ದರು?’ ಎಂದಳು.

ನನಗೆ ನಮ್ಮೂರಿನ ದರ್ಜಿ ನೆನಪಾದರು. ಹಬ್ಬದ ಅಂಗಿಗೆಂದು ಅಳತೆ ಕೊಟ್ಟು ಬಂದ ಮೇಲೆ ಎಷ್ಟು ಸಲ ಹೋದರೂ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಯನ್ನೂ ತೆಗೆಯದೆ ‘ನಾಡಿದ್ದು ಬಾ’ ಎನ್ನುತ್ತಿದ್ದರು. ‘ನಾಳೆ’ ಎಂದರೆ ಮಾತಿಗೆ ಸಿಕ್ಕಿಬೀಳುವ ಭಯ, ‘ಆಚೆ ನಾಡಿದ್ದು’ ಎಂದರೆ ಗಿರಾಕಿಗೆ ಸಿಟ್ಟು. ಎರಡರ ನಡುವೆ ಅಷ್ಟು ಹದವಾಗಿ ಕೂರುವ ಪದ ಇನ್ನೊಂದಿಲ್ಲ. ಇದನ್ನು ಕೇಳಿದ ಹಿರಿಯರು, ಬಹುಶಃ ತಮ್ಮವರು ದರ್ಜಿಗಳ ಕಾಟಕ್ಕೇ ಆ ಪದವನ್ನು ಕೈಬಿಟ್ಟಿರಬೇಕೆಂದರು.

ಮಗಳ ಪ್ರಶ್ನೆಯಿಂದ ಹುಟ್ಟಿದ ಹೆಮ್ಮೆ ಆ ದಿನವಿಡೀ ಬಾಳಲಿಲ್ಲ. ಮಧ್ಯಾಹ್ನ ಮೈಸೂರಿನಿಂದ ಅಣ್ಣನ ಮಗ ವಿಡಿಯೋ ಕರೆಯಲ್ಲಿ, ‘ಚಿಕ್ಕಪ್ಪ, ಡೇ ಆಫ್ಟರ್ ಟುಮಾರೋ ನನಗೆ ಟೆಸ್ಟ್ ಇದೆ’ ಎಂದ.

‘ನಾಡಿದ್ದಾ?’ ಎಂದು ಮಗಳು ಕೇಳಿದಳು.

‘ಹಾಗಂದ್ರೆ?’

ಅವನಿಗೆ ತಿಳಿಯಲೆಂದು ಇವಳು ಪಾಪ, ಇಂಗ್ಲಿಷಿನಲ್ಲಿಯೇ ಬಿಡಿಸಿ ಹೇಳಿದಳು: ‘ಓವರ್‌ಮಾರೋ.’