ನಿನ್ನ ತಾಯಿಯನ್ನು ಎಣಿಸಿದ್ದರಾ?

ಹೊಸನಗರ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗಳಾಗಿ ದುಡಿದು ನಿವೃತ್ತಿಯಾದವಳು ನಾನು. ಇಲಾಖೆ ನನ್ನ ಹುದ್ದೆಯನ್ನು ಏನೆಂದು ಕರೆದರೂ ಊರಿನವರ ಬಾಯಲ್ಲಿ ನಾನು ‘ಶಾನುಭೋಗ್ರಮ್ಮ’ನೇ. ವಂಶಪಾರಂಪರ್ಯದ ಶಾನುಭೋಗಿಕೆ ನಾನು ಹುಟ್ಟುವ ಹೊತ್ತಿಗೇ ಹೋಗಿತ್ತು. ಹೆಸರು ಮಾತ್ರ ಹೋಗಲಿಲ್ಲ. ಮನೆಯಲ್ಲಿ ಎಷ್ಟು ಜನ, ಪಹಣಿಯಲ್ಲಿ ಎಷ್ಟು ಎಕರೆ, ಅದರಲ್ಲಿ ಗದ್ದೆ ಎಷ್ಟು ತೋಟ ಎಷ್ಟು, ಒತ್ತುವರಿ ಉಂಟೋ ಇಲ್ಲವೋ ಎಂದು ಕೇಳುತ್ತಾ ಅಂಗಳದಿಂದ ಅಂಗಳಕ್ಕೆ ತಿರುಗುವ ಕೆಲಸ. ನಿಟ್ಟೂರು ಕಡೆ ಒಬ್ಬ ಅಜ್ಜಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾ, ತಲೆಯನ್ನೂ ಎತ್ತದೆ ನನಗೆ ಕೇಳಿದ್ದರು: “ನಮ್ಮನೆ ಲೆಕ್ಕ ಬರ್ಕೊಂಡು ಹೋಗಿ ಯಾರಿಗೆ ಕೊಡ್ತೀಯ ಮಾರಾಯ್ತಿ?” ತಹಶೀಲ್ದಾರ್ ಸಾಹೇಬರಿಗೆ ಅಂದೆ. “ಅವ್ರು ಯಾರಿಗೆ ಕೊಡ್ತಾರೆ?” ಅಂದರು. ನಾನು ರಿಜಿಸ್ಟರ್ ಮಡಚಿ ಮಜ್ಜಿಗೆ ಕುಡಿದು ಎದ್ದು ಬಂದೆ.

ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂ.ಎ. ಓದಿದ ಮಗಳು ಮನೆಯಲ್ಲಿ ಬಿಟ್ಟುಹೋದ ಪುಸ್ತಕಗಳಲ್ಲಿ ಆಫ್ರಿಕನ್ ಸಾಹಿತ್ಯದ್ದೇ ಒಂದು ಕಟ್ಟು. ನಿವೃತ್ತಿಯಾದ ಮೇಲಿನ ಮೊದಲ ಮಳೆಗಾಲ, ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಓದತೊಡಗಿದೆ. ನೈಜೀರಿಯಾದ ಚಿನುವಾ ಅಚೆಬೆಯಿಂದ ಶುರುವಾದದ್ದು ಆ ದೇಶದ ಚರಿತ್ರೆಗೆ ಎಳೆಯಿತು. ಅಲ್ಲಿ ಸಿಕ್ಕಿದವಳು ನ್ವಾನ್ಯೆರುವಾ.

1929ರ ನವೆಂಬರ್. ಆಗ ಬ್ರಿಟಿಷರ ಕೈಯಲ್ಲಿದ್ದ ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಸೀಮೆಯಲ್ಲಿ ಒಲೊಕೊ ಎಂಬ ಊರು. ನ್ವಾನ್ಯೆರುವಾ ತನ್ನ ಅಂಗಳದಲ್ಲಿ ತಾಳೆಹಣ್ಣಿನಿಂದ ಎಣ್ಣೆ ತೆಗೆಯುತ್ತಿದ್ದಳು. ಊರಿನ ಮುಖ್ಯಸ್ಥ ಒಕುಗೊ ಕಳಿಸಿದ ಎಮೆರೆಯುವಾ ಎಂಬವನು ಬಂದು, ನಿನ್ನ ಆಡು, ಕುರಿ, ಮನೆಜನರನ್ನೆಲ್ಲ ಎಣಿಸಿ ಹೇಳು ಅಂದ. “ನಿನ್ನ ತಾಯಿಯನ್ನು ಎಣಿಸಿದ್ದರಾ?” ಎಂದಳು ಅವಳು. ಮಾತಿಗೆ ಮಾತು ಬೆಳೆದು ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡರು. ಆಮೇಲೆ ಅವಳು ನೇರ ಹೋದದ್ದು ಹೆಂಗಸರ ಸಭೆಗೆ. ಅಲ್ಲಿಂದ ತಾಳೆಗರಿ ಊರಿಂದ ಊರಿಗೆ ಹೋಯಿತು. ಗರಿ ಬಂತೆಂದರೆ ಹೊರಡಬೇಕು ಎಂದು ಅರ್ಥ. ಸಾವಿರಾರು ಹೆಂಗಸರು ಒಕುಗೊನ ಮನೆ ಮುಂದೆ ನೆರೆದರು.

ಎಣಿಸಲು ಹೋದರೆ ಇಷ್ಟು ಸಿಟ್ಟೇಕೆ ಎಂದು ಕೇಳುವವರಿಗೆ ಹಿಂದಿನ ಕತೆ ಗೊತ್ತಿರಬೇಕು. 1926ರಲ್ಲಿ ಗಂಡಸರನ್ನು ಎಣಿಸಿದ್ದರು, ತೆರಿಗೆಯ ಸುದ್ದಿಯನ್ನೇ ಎತ್ತಿರಲಿಲ್ಲ. 1928ರಲ್ಲಿ ತಲೆಗಂದಾಯ ಬಂತು. ಈಗ ಹೆಂಗಸರ ಲೆಕ್ಕ ಶುರುವಾದರೆ ಮುಂದೇನು ಎನ್ನುವುದಕ್ಕೆ ಪಂಚಾಂಗ ನೋಡಬೇಕಿರಲಿಲ್ಲ. ಮೇಲಾಗಿ ಅದೇ ಹೊತ್ತಿಗೆ ತಾಳೆಎಣ್ಣೆ, ತಾಳೆಬೀಜ ಎರಡರ ರೇಟೂ ಬಿದ್ದಿತ್ತು. ಅಲ್ಲಿಯ ಪದ್ಧತಿಯಲ್ಲಿ ಎಣ್ಣೆ ಗಂಡಸರದ್ದು, ಒಳಗಿನ ಬೀಜ ಹೆಂಗಸರದ್ದು. ಬೀಜ ಮಾರಿದ ದುಡ್ಡು ಅವರ ಕೈಗಂಟು. ಅಡಿಕೆ ರೇಟು ಕುಸಿದ ವರ್ಷ ನಾನು ಕಂದಾಯ ಕೇಳಲು ಹೋದ ಮನೆಗಳಲ್ಲಿ ನನ್ನನ್ನು ನೋಡಿದ ನೋಟ ನೆನಪಿದೆ. ಕುತ್ತಿಗೆ ಹಿಡಿಯಲಿಲ್ಲ, ಅಷ್ಟೆ.

ಅಲ್ಲಿಯ ಹೆಂಗಸರ ಹತ್ತಿರ ಒಂದು ಹಳೆಯ ಅಸ್ತ್ರವಿತ್ತು. ಹೆಂಡತಿಗೆ ಹೊಡೆಯುವವನ, ಸಂತೆಯ ನಿಯಮ ಮುರಿದವನ ಮನೆ ಮುಂದೆ ಊರಿನ ಹೆಂಗಸರೆಲ್ಲ ಹೋಗಿ ‘ಕೂತುಬಿಡುವುದು’. ಬರೀ ಕೂರುವುದಲ್ಲ. ಅವನ ಮಾನ ಹರಾಜು ಹಾಕುವ ಹಾಡು ಕಟ್ಟಿ ಹಾಡುವುದು, ರಾತ್ರಿಯಿಡೀ ಕುಣಿಯುವುದು, ಗೆಣಸು ಕುಟ್ಟುವ ಒನಕೆಯಲ್ಲಿ ಅವನ ಗೋಡೆ ಕುಟ್ಟುವುದು, ಬೇಕಾದರೆ ಮಾಡು ಕಿತ್ತು ಹಾಕುವುದು, ತಪ್ಪಾಯ್ತು ಅನ್ನುವವರೆಗೆ. ಒಕುಗೊನಿಗೂ ಹಾಗೇ ಮಾಡಿದರು. ಮುಖಕ್ಕೆ ಮಸಿ ಬಳಿದುಕೊಂಡು, ತಲೆಗೆ ಜರಿಗಿಡದ ಸೊಪ್ಪು ಕಟ್ಟಿಕೊಂಡು, ಎಳೆ ತಾಳೆಗರಿ ಸುತ್ತಿದ ಕೋಲು ಹಿಡಿದು ಬಂದಿದ್ದರು. ಅವರು ಕೇಳಿದ್ದು ಅವನ ಟೋಪಿ. ಸರ್ಕಾರ ಕೊಟ್ಟ ಅಧಿಕಾರದ ಟೋಪಿ ಅದು. ಸರ್ಕಾರ ಬೆದರಿ ಅದನ್ನು ಕಿತ್ತುಕೊಂಡು, ಒಕುಗೊನ ಮೇಲೆ ಮೊಕದ್ದಮೆ ಹಾಕಿ ಎರಡು ವರ್ಷ ಜೈಲಿಗೂ ಕಳಿಸಿತು. ಆದರೆ ಅಷ್ಟರಲ್ಲಿ ಕಿಚ್ಚು ಸುತ್ತಲೂ ಹಬ್ಬಿತ್ತು. ಹೆಂಗಸರು ಕಚೇರಿ-ಕೋರ್ಟುಗಳನ್ನು ಸುಟ್ಟರು, ಜೈಲಿನ ಬಾಗಿಲು ತೆರೆದರು, ಅಬಾ ಪೇಟೆಯಲ್ಲಿ ಬಿಳಿಯರ ಮಳಿಗೆಗಳಿಗೆ ನುಗ್ಗಿದರು. ಡಿಸೆಂಬರಿನಲ್ಲಿ ಸೈನಿಕರು, ಪೊಲೀಸರು ಗುಂಡು ಹಾರಿಸಿದರು. ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಸರ್ಕಾರದ ಕಡತದಲ್ಲಿ ಇದು ‘ಅಬಾ ದೊಂಬಿ’. ಅಲ್ಲಿಯವರಿಗೆ ಹೆಂಗಸರ ಯುದ್ಧ.

ಒಕುಗೊ ಯಾರು? ಅವನೇನು ರಾಜನೇ, ಪಾಳೆಯಗಾರನೇ? ಎರಡೂ ಅಲ್ಲ. ಬಹುಪಾಲು ಇಗ್ಬೋ ಊರುಗಳಲ್ಲಿ ರಾಜ ಅಂತ ಒಬ್ಬನಿರಲೇ ಇಲ್ಲ. ಹಿರಿಯರು, ಬಿರುದು ಪಡೆದವರು, ಓರಗೆಯವರ ಕೂಟಗಳು, ಹೆಂಗಸರ ಸಭೆ, ಇವೆಲ್ಲ ಸೇರಿ ವಾದ ಮಾಡಿ ಮಾಡಿ ತೀರ್ಮಾನಕ್ಕೆ ಬರುತ್ತಿದ್ದರು. ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಆ ನೆಲ ಅವರ ಕೈಗೆ ಬಂದದ್ದೇ ವ್ಯಾಪಾರದ ಬಾಬ್ತಿನಲ್ಲಿ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದ್ದ ಹಾಗೆ ಅಲ್ಲಿ 1886ರಲ್ಲಿ ಸನದು ಪಡೆದ ರಾಯಲ್ ನೈಜರ್ ಕಂಪನಿ. 1900ರ ಜನವರಿ 1ರಂದು ಬ್ರಿಟಿಷ್ ಸರ್ಕಾರ ಆ ಕಂಪನಿಗೆ 8,65,000 ಪೌಂಡ್ ಪರಿಹಾರಕ್ಕೆ ಒಪ್ಪಿ ಆಡಳಿತವನ್ನು ತಾನೇ ವಹಿಸಿಕೊಂಡಿತು. ಒಂದು ಸೀಮೆಯ ಖಾತೆ ಬದಲಾವಣೆ!

ಉತ್ತರ ಭಾಗಕ್ಕೆ ಬಂದ ಅಧಿಕಾರಿ ಫ್ರೆಡರಿಕ್ ಲುಗಾರ್ಡ್. ಈತ 1858ರಲ್ಲಿ ನಮ್ಮ ಮದ್ರಾಸಿನಲ್ಲೇ ಹುಟ್ಟಿದವನು. ಉತ್ತರದಲ್ಲಿ ಸೊಕೊಟೊ ಸುಲ್ತಾನ, ಅವನ ಕೆಳಗೆ ಅಮೀರರು, ಅವರದ್ದೇ ತೆರಿಗೆ, ಅವರದ್ದೇ ನ್ಯಾಯಾಧೀಶರು, ಎಲ್ಲ ಮೊದಲೇ ಇತ್ತು. ಲುಗಾರ್ಡ್ 1903ರ ಹೊತ್ತಿಗೆ ಅವರನ್ನು ಸೋಲಿಸಿ, ಮತ್ತೆ ಗದ್ದುಗೆ ಮೇಲೆ ಕೂರಿಸಿ, ಹಿಂದಿನಿಂದ ದಾರ ಹಿಡಿದುಕೊಂಡ. ಕಡಿಮೆ ಸಂಬಳ, ಕಡಿಮೆ ಸಿಬ್ಬಂದಿ, ಕೆಲಸ ಸಲೀಸು. 1914ರಲ್ಲಿ ಉತ್ತರ-ದಕ್ಷಿಣಗಳನ್ನು ಒಂದು ಮಾಡಿ ತಾನೇ ಗವರ್ನರ್ ಜನರಲ್ ಆದಮೇಲೆ ಅದೇ ಏರ್ಪಾಡನ್ನು ದಕ್ಷಿಣದಲ್ಲೂ ಗಟ್ಟಿ ಮಾಡಿದ. ರಾಜರಿಲ್ಲದ ಕಡೆ? ಒಂದು ವಾರಂಟು ಬರೆದುಕೊಟ್ಟರೆ ರಾಜ. ‘ವಾರಂಟ್ ಮುಖ್ಯಸ್ಥ’ ಎಂದೇ ಅವರ ಹೆಸರು. ಬಿಳಿಯರೊಂದಿಗೆ ಮಾತಾಡಲು ಮುಂದೆ ಬಂದವನು, ಊರಿನವರು ತೊಲಗಲಿ ಎಂದು ಮುಂದೆ ತಳ್ಳಿದವನು, ಇಂಥವರಿಗೂ ಬೆಳಗಾಗುವುದರೊಳಗೆ ಕೋರ್ಟು, ಟೋಪಿ, ದಂಡ ಹಾಕುವ ಅಧಿಕಾರ ಬಂತು.

ಇದನ್ನು ಓದುವಾಗ ನಾನು ನಮ್ಮ ನಗರವನ್ನು ಬಿಟ್ಟು ಹೊರಗೆ ಯೋಚಿಸಲು ಆಗಲಿಲ್ಲ. ಬಿದನೂರು ನಗರ, ಶಿವಪ್ಪನಾಯಕನ ಶಿಸ್ತಿನ ಊರು. 1830-31ರಲ್ಲಿ ಇಲ್ಲಿಯ ರೈತರು ಕಂದಾಯದ ಕಾಟ ತಾಳದೆ ಕೂಟ ಸೇರಿದರು, ನಗರದ ದಂಗೆ ಎದ್ದಿತು. ಮೈಸೂರಿನ ಅರಸರು 1799ರ ಒಪ್ಪಂದದಂತೆ ಕಂಪನಿಗೆ ವರ್ಷ ವರ್ಷ ಪೊಗದಿ ಕಟ್ಟಬೇಕು. ಆ ಹೊರೆ ಅಮಲ್ದಾರನ ಮೇಲೆ, ಅಮಲ್ದಾರನದ್ದು ರೈತನ ಮೇಲೆ. ದಂಗೆ ಎದ್ದಾಗ ಕಂಪನಿಯವರು, ಅರಸರಿಗೆ ಆಳಲು ಬರುವುದಿಲ್ಲ ಎಂದು 1831ರಲ್ಲಿ ರಾಜ್ಯವನ್ನೇ ತೆಗೆದುಕೊಂಡರು, 1881ರಲ್ಲಿ ಷರತ್ತು ಹಾಕಿ ವಾಪಸು ಕೊಟ್ಟರು. ಇಲ್ಲಿ ಇದ್ದ ರಾಜನನ್ನು ಇಳಿಸಿ ಏರಿಸಿದರು, ಅಲ್ಲಿ ಇಲ್ಲದ ರಾಜನನ್ನು ಹುಟ್ಟಿಸಿದರು. ಎರಡೂ ಕಡೆ ರೈತನ ಅಂಗಳಕ್ಕೆ ಬಂದು ನಿಂತವನು ಮಾತ್ರ ನಮ್ಮವನೇ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲೂ ಹಾಗೇ ಆಯಿತು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂದು ನಾವು ಶಾಲೆಯಲ್ಲಿ ಕೂಗಿದ್ದೇ ಕೂಗಿದ್ದು. ಕಂದಾಯ ವಸೂಲಿಗೆ ಬಂದವರಿಂದ ಊರಿನವರು ಮೊದಲು ಕಿತ್ತುಕೊಂಡದ್ದು ಲೆಕ್ಕದ ಪುಸ್ತಕ ಎಂಬುದನ್ನು ಮೇಷ್ಟರು ಒತ್ತಿ ಹೇಳಿರಲಿಲ್ಲ. ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಅಂತ ನೇಮಿಸಿಕೊಂಡು ತಮ್ಮದೇ ಸರ್ಕಾರ ಘೋಷಿಸಿದರು. ಊರಿಗೆ ಬಂದ ಅಧಿಕಾರಿಗಳು ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಹಟ ಹಿಡಿದರು. ಗಲಾಟೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಮೈಸೂರು ಸರ್ಕಾರ. ಒಲೊಕೊದಲ್ಲಿ ಟೋಪಿ ಕಿತ್ತರು, ಈಸೂರಿನಲ್ಲಿ ಟೋಪಿ ತೊಡಿಸಹೋದರು. ನಡುವೆ ಹದಿಮೂರು ವರ್ಷ, ಎರಡು ಖಂಡ.

ಇದನ್ನೆಲ್ಲ ಚರಿತ್ರೆಯ ಪುಸ್ತಕಕ್ಕಿಂತ ಹತ್ತಿರದಿಂದ ತೋರಿಸುವುದು ಅಚೆಬೆಯ ಕಾದಂಬರಿಗಳು. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಲ್ಲರಿಗೂ ಗೊತ್ತು. ಅದರಲ್ಲಿ ನನಗೆ ಇಷ್ಟವಾದದ್ದು ಕೋರ್ಟಿನ ಜವಾನರು. ಬೂದಿ ಬಣ್ಣದ ಚಡ್ಡಿ ಹಾಕಿಕೊಂಡು ದರ್ಪ ಮಾಡುವ ಅವರಿಗೆ ಊರಿನವರು ‘ಬೂದಿ ಕುಂಡೆ’ ಎಂದು ಹೆಸರಿಡುತ್ತಾರೆ. ನಮ್ಮ ಕಡೆಯವರು ಇಡದೇ ಇರುವ ಹೆಸರೇನಲ್ಲ ಅದು. ನನಗೇ ಏನು ಹೆಸರಿಟ್ಟಿದ್ದರೋ.

ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಪುಸ್ತಕ 1964ರ ‘ಆ್ಯರೋ ಆಫ್ ಗಾಡ್’. ಉಮುಆರೊ ಎಂಬ ಆರು ಊರುಗಳ ಗುಂಪಿನ ದೇವರು ಉಲು. ಅದರ ಪೂಜಾರಿ ಎಜೆಉಲು. ಕಾಲ 1920ರ ದಶಕ. ಜಿಲ್ಲಾಧಿಕಾರಿ ವಿಂಟರ್‌ಬಾಟಮ್‌ಗೆ ಒಬ್ಬ ವಾರಂಟ್ ಮುಖ್ಯಸ್ಥ ಬೇಕು. ಹಿಂದೆ ನೇಮಿಸಿದವನೊಬ್ಬ ಲಂಚ ತಿಂದು ತನ್ನನ್ನೇ ಅರಸನೆಂದು ಕರೆಸಿಕೊಳ್ಳತೊಡಗಿದ್ದು ಅವನಿಗೆ ಗೊತ್ತಿದೆ. ಮೇಲಿನಿಂದ ಆರ್ಡರ್ ಬಂದಿದೆ, ಏನು ಮಾಡುತ್ತಾನೆ? ಮೇಲಿನ ಆರ್ಡರಿಗೆ ಸಿಕ್ಕ ಕೆಳಗಿನ ಅಧಿಕಾರಿಯ ಮನಸ್ಸನ್ನು ಅಚೆಬೆ ಎಷ್ಟು ಚೆನ್ನಾಗಿ ಬರೆದಿದ್ದಾನೆ ಎಂದರೆ, ಈತ ಎಲ್ಲೋ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿರಬೇಕು ಅನ್ನಿಸಿತು. (ಮಾಡಿರಲಿಲ್ಲ. ಅವನ ಅಪ್ಪ ಮಿಷನ್ನಿನ ಉಪದೇಶಿ, ಇವನು ಇಬಾದಾನ್‌ನಲ್ಲಿ ಓದಿ ರೇಡಿಯೋ ಸೇರಿದವನು.)

ಎಜೆಉಲು ಆ ಹುದ್ದೆ ಬೇಡ ಅನ್ನುತ್ತಾನೆ. ಉಲುವಿಗಲ್ಲದೆ ಬೇರೆ ಯಾರಿಗೂ ತಾನು ಮುಖ್ಯಸ್ಥನಾಗುವುದಿಲ್ಲ. ಬೇಡ ಅಂದವನನ್ನು ಕೂಡಿ ಹಾಕುತ್ತಾರೆ. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಾಣಿಸಿದಾಗಲೆಲ್ಲ ದೇವರ ಗೆಣಸೊಂದನ್ನು ತಿನ್ನುವುದು ಪೂಜಾರಿಯ ಕಟ್ಟು. ಅವು ಮುಗಿದ ಮೇಲೇ ಹೊಸ ಗೆಣಸಿನ ಹಬ್ಬ. ಸೆರೆಯಲ್ಲಿದ್ದ ತಿಂಗಳುಗಳ ಗೆಣಸು ಹಾಗೇ ಉಳಿಯಿತು. ವಾಪಸು ಬಂದವನು, ತಿಂದು ಮುಗಿಸುವವರೆಗೆ ಹಬ್ಬ ಸಾರುವುದಿಲ್ಲ ಎನ್ನುತ್ತಾನೆ. ಹಬ್ಬವಿಲ್ಲದೆ ಕೊಯ್ಲಿಲ್ಲ. ನಾವು ಹೊಸ್ತಿನ ದಿನ ಗದ್ದೆಯಿಂದ ಕದಿರು ತಂದು ಬಾಗಿಲಿಗೆ ಕಟ್ಟದೆ ಹೊಸಕ್ಕಿ ಬೇಯಿಸುತ್ತೇವೆಯೇ? ಹಾಗೆ. ಗೆಣಸು ನೆಲದಲ್ಲೇ ಕೆಡುತ್ತಿದೆ, ಮಕ್ಕಳಿಗೆ ಹಸಿವು. ಆಗ ಇಗರ್ಜಿಯ ಉಪದೇಶಿ, ನಮ್ಮ ದೇವರಿಗೆ ಗೆಣಸಿನ ಕಾಣಿಕೆ ಕೊಡಿ, ಭಯವಿಲ್ಲದೆ ಕೀಳಿ ಎಂದು ಕರೆಯುತ್ತಾನೆ. ಜನ ಹೋಗುತ್ತಾರೆ.

ಯಾರೂ ಯಾರ ಮೇಲೂ ಬಂದೂಕು ಎತ್ತಲಿಲ್ಲ ಇಲ್ಲಿ. ಒಂದು ನೇಮಕಾತಿ ಆದೇಶ, ಒಬ್ಬ ಮುದುಕನ ಹಟ, ಒಂದು ಕೊಯ್ಲು. ಅಷ್ಟರಲ್ಲಿ ಒಂದು ದೇವರು ಹೋಯಿತು. ಮಗಳು ಇದಕ್ಕೆ ಏನೇನೋ ದೊಡ್ಡ ಹೆಸರು ಹೇಳುತ್ತಾಳೆ. ಕಂದಾಯ ಇಲಾಖೆಯವಳಿಗೆ ಹೆಸರು ಬೇಕಿಲ್ಲ. ಕೆಟ್ಟ ಉದ್ದೇಶವೇ ಇಲ್ಲದ ಒಂದು ಸುತ್ತೋಲೆ ಒಂದು ಊರನ್ನು ಏನು ಮಾಡಬಲ್ಲದು ಎಂದು ನನಗೆ ಗೊತ್ತು.

ಬರೆದದ್ದು ಇಂಗ್ಲಿಷಿನಲ್ಲಿ ಎಂಬ ತಕರಾರು ಉಂಟು. ಅದೇ ದೇಶದ ಪಶ್ಚಿಮ ಸೀಮೆಯ ಯೊರುಬಾ ಜನರ ಫಗುನ್ವಾ 1938ರಲ್ಲೇ ತನ್ನ ಮಾತಿನಲ್ಲಿ ಕಾದಂಬರಿ ಬರೆದಿದ್ದ. ಇಗ್ಬೋದ ಗ್ರಹಚಾರ ಬೇರೆ. ಮಿಷನರಿಗಳು ಹಲವು ಸೀಮೆಗಳ ಆಡುಮಾತು ಬೆರೆಸಿ 1913ರಲ್ಲಿ ಬೈಬಲ್ ತಂದರು, ಯಾರ ಮನೆಯಲ್ಲೂ ಆಡದ ಆ ಭಾಷೆಯೇ ಬರವಣಿಗೆಯ ಇಗ್ಬೋ ಆಯಿತು. ಅಚೆಬೆಗೆ ಅದನ್ನು ಕಂಡರೆ ಕೊನೆಯವರೆಗೂ ಆಗುತ್ತಿರಲಿಲ್ಲ. ನಮಗೂ ಮಿಷನರಿಗಳು ನಿಘಂಟು ಕೊಟ್ಟರು, ಆದರೆ ಕಿಟೆಲ್ ಬರುವ ಹೊತ್ತಿಗೆ ಪಂಪ ಬಂದುಹೋಗಿ ಸಾವಿರ ವರ್ಷದ ಹತ್ತಿರ.

1960ರಲ್ಲಿ ಸ್ವಾತಂತ್ರ್ಯ, 1967ರಿಂದ 1970ರವರೆಗೆ, ಇಗ್ಬೋ ಸೀಮೆ ಬೇರೆ ದೇಶವಾಗಲು ಹೊರಟಾಗ ನಡೆದ ಬಿಯಾಫ್ರಾ ಯುದ್ಧ. ಅದನ್ನು ಬರೆಯಲು ಇನ್ನೊಂದು ಮಳೆಗಾಲ ಬೇಕು.

ಹೆಂಗಸರ ಯುದ್ಧ ಮುಗಿದ ಮೇಲೆ ಬ್ರಿಟಿಷರು ವಾರಂಟ್ ಮುಖ್ಯಸ್ಥರ ಪದ್ಧತಿಯನ್ನು ಕೈಬಿಟ್ಟು ಊರಿನ ಹಿರಿಯರ ಕೂಟಗಳಿಗೆ ಕೋರ್ಟು ಒಪ್ಪಿಸತೊಡಗಿದರು. ಅದಕ್ಕೆ ಮೊದಲು ಪ್ರತಿ ಕುಲದ ಬಗ್ಗೆಯೂ ವರದಿ ಬರೆಸಿದರು. ಮತ್ತೆ ರಿಜಿಸ್ಟರ್! 1934ರಲ್ಲಿ ಇಗ್ಬೋ ಹೆಂಗಸರ ಬದುಕನ್ನು ಅಧ್ಯಯನ ಮಾಡಲು ಸಿಲ್ವಿಯಾ ಲೀತ್-ರಾಸ್, ಮಾರ್ಗರೆಟ್ ಗ್ರೀನ್ ಎಂಬ ಇಬ್ಬರು ಹೋದರು. ಅವರಿಗೆ ದುಡ್ಡು ಕೊಟ್ಟದ್ದು ಲೆವರ್‌ಹ್ಯೂಮ್ ನಿಧಿ. ಅದು ಸೋಪಿನ ಸಾಹುಕಾರ ವಿಲಿಯಂ ಲೆವರ್ ಬಿಟ್ಟುಹೋದ ಆಸ್ತಿ, ಮತ್ತು ಆ ಸೋಪಿಗೆ ಬೇಕಾದದ್ದು ಪಶ್ಚಿಮ ಆಫ್ರಿಕದ ತಾಳೆಎಣ್ಣೆ. ರೇಟು ಬಿದ್ದು ಸಿಟ್ಟಾದ ಹೆಂಗಸರು ಯಾಕೆ ಸಿಟ್ಟಾದರು ಎಂದು ತಿಳಿಯುವ ಖರ್ಚು ಅವರೇ ತೆಗೆದ ಎಣ್ಣೆಯಿಂದ ಹೋಯಿತು ಅನ್ನಿ. ಮಗಳಿಗೆ ಫೋನ್ ಮಾಡಿ ಇದನ್ನು ಹೇಳಿದರೆ, “ಅಮ್ಮಾ, ಇದು ನಮ್ಮ ಸಿಲಬಸ್‌ನಲ್ಲಿ ಇರ್ಲಿಲ್ಲ” ಅಂದಳು. ಗ್ರೀನ್ 1947ರಲ್ಲಿ ಬರೆದ ಪುಸ್ತಕ ಶಿವಮೊಗ್ಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಸ್ ಹತ್ತಿ ಬಂದು ಓದಿ ವಾಪಸು ಕೊಡುತ್ತೇನೆ.