ಸಾಕ್ಷಿ ಹೇಳಿಕೆಯಲ್ಲಿ ಬರುವ ‘ಮಾತು’

ವಿಚಾರಣಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯವನ್ನು ಮೇಲ್ಮನವಿಗಾಗಿ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಉದ್ಯೋಗ. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಕಲಾಪಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ, ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳಿದ್ದು ಅಲ್ಲಿನ ನ್ಯಾಯಪೀಠಕ್ಕೆ ತಲುಪುವುದು ನಮ್ಮಂಥವರ ವಾಕ್ಯಗಳ ಮೂಲಕವೇ. ಕಾನೂನಿನ ಪಾರಿಭಾಷಿಕ ಪದಗಳು ಈ ಕೆಲಸದಲ್ಲಿ ಅಷ್ಟಾಗಿ ಕಾಡುವುದಿಲ್ಲ, ಅವಕ್ಕೆ ಪದಕೋಶಗಳಿವೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವ ಪದ ‘ಮಾತು’.

ಅದರ ಅರ್ಥವನ್ನು ಬಹುಮಟ್ಟಿಗೆ ನಿರ್ಧರಿಸುವುದು ಜೊತೆಗೆ ಬರುವ ಕ್ರಿಯಾಪದ. ಮಾತು ಕೊಟ್ಟರೆ ವಚನ, ಮಾತು ಬಿಟ್ಟರೆ ಮುರಿದ ಸಂಬಂಧ, ಮಾತು ಮೀರಿದರೆ ಅವಿಧೇಯತೆ, ಒಬ್ಬರ ಮೇಲೆ ಮಾತು ಬಂದರೆ ಆಪಾದನೆ. ‘ಮಗ ನನ್ನ ಮಾತು ಕೇಳಲಿಲ್ಲ’ ಎಂದು ತಂದೆ ನುಡಿದಾಗ ಮಗನ ಕಿವಿಯಲ್ಲಿ ದೋಷವೇನೂ ಇರುವುದಿಲ್ಲ. ಆದರೆ ‘ಆಸ್ಪತ್ರೆಗೆ ಹೋಗುವಷ್ಟರಲ್ಲಿ ಗಾಯಾಳುವಿನ ಮಾತು ನಿಂತಿತ್ತು’ ಎಂಬಲ್ಲಿ ಹೋದದ್ದು ವಾಕ್‌ಶಕ್ತಿಯೇ, ಮರಣಪೂರ್ವ ಹೇಳಿಕೆಯನ್ನು ನಂಬಬಹುದೇ ಎಂಬ ಪ್ರಶ್ನೆ ಆ ಒಂದು ವಾಕ್ಯಕ್ಕೆ ಬಂದು ನಿಲ್ಲಬಹುದು. ಹೊಡೆದಾಟದ ದೂರುಗಳಲ್ಲಿ ಪದೇ ಪದೇ ಕಾಣುವ ‘ಮಾತಿಗೆ ಮಾತು ಬೆಳೆದು’ ಎಂಬುದು ಠಾಣೆಯ ಬರವಣಿಗೆಯ ರೂಢಿಯಂತೆ ತೋರಿದರೂ ಅದನ್ನು ಸಡಿಲವಾಗಿ ಅನುವಾದಿಸುವಂತಿಲ್ಲ. ಪೂರ್ವಯೋಜನೆಯಿಲ್ಲದೆ ಹಠಾತ್ ಜಗಳದಲ್ಲಿ ನಡೆದ ಹತ್ಯೆಯನ್ನು ಕಾನೂನು ಕೊಲೆಯಿಂದ ಬೇರೆಯಾಗಿ ನೋಡಬಹುದಾದ್ದರಿಂದ, ಜಗಳ ಹುಟ್ಟಿದ ಬಗೆಯನ್ನು ಹೇಳುವ ಈ ಮೂರು ಪದಗಳಿಗೂ ತೂಕವಿದೆ.

ಅತ್ಯಂತ ಕಠಿಣವಾದದ್ದು ಜಮೀನಿನ ದಾವೆಗಳಲ್ಲಿ ಬರುವ ‘ಮಾತಾಗಿತ್ತು’. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕು, ಆದರೆ ಮುಂದೆ ಮಾರುತ್ತೇನೆಂಬ ಕರಾರು ಬಾಯಿಮಾತಿನಲ್ಲಿಯೂ ಆಗಬಹುದು. ಹೀಗಿರುವಾಗ ‘ಜಮೀನಿನ ವಿಷಯ ಮಾತಾಗಿತ್ತು’ ಎಂದರೆ ಬರೀ ಪ್ರಸ್ತಾಪ ಬಂದಿತ್ತೇ, ಬೆಲೆ ಕುದುರಿ ಎರಡೂ ಕಡೆಯವರು ಒಪ್ಪಿದ್ದರೇ? ಕನ್ನಡದಲ್ಲಿ ಎರಡೂ ಅರ್ಥಗಳು ಸಲ್ಲುತ್ತವೆ, ವ್ಯಾಜ್ಯವೂ ಹಲವೊಮ್ಮೆ ಇದೇ ಆಗಿರುತ್ತದೆ. ವಾದಿಯ ಪರ ವಕೀಲರು ‘ಒಪ್ಪಂದವಾಗಿತ್ತು’ ಎಂಬರ್ಥದ ಪದವನ್ನೇ ಹಾಕಿಕೊಡಿ ಎನ್ನುವುದುಂಟು. ಅವರ ಆಸಕ್ತಿ ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ನ್ಯಾಯಾಧೀಶರು ತೀರ್ಮಾನಿಸಬೇಕಾದ ಸಂದಿಗ್ಧವನ್ನು ಅನುವಾದಕ ಮೊದಲೇ ಬಗೆಹರಿಸಿಬಿಟ್ಟರೆ ಅದು ಸಾಕ್ಷ್ಯವನ್ನೇ ತಿದ್ದಿದಂತೆ. ಆದ್ದರಿಂದ ಇಂಗ್ಲಿಷಿನಲ್ಲಿಯೂ ಅಷ್ಟೇ ಅಸ್ಪಷ್ಟವಾದ ಪದವನ್ನು ಹುಡುಕುತ್ತೇನೆ, ಸಿಗದಿದ್ದರೆ ಮೂಲಪದವನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಟಿಪ್ಪಣಿ ಕೊಡುತ್ತೇನೆ.

ಈ ಪದದ ದೆಸೆಯಿಂದ ನನ್ನ ಓದಿನ ಕ್ರಮವೂ ಬದಲಾಗಿದೆ. ಮುಖ್ಯ ವಿಚಾರಣೆಯ ಅನುವಾದಕ್ಕೆ ಕೈಹಾಕುವ ಮೊದಲು ಪಾಟೀಸವಾಲನ್ನು ಓದಿ ಮುಗಿಸುತ್ತೇನೆ, ಏಕೆಂದರೆ ‘ಮಾತಾಗಿತ್ತು ಎಂದರೆ ಏನಾಗಿತ್ತು, ಎಷ್ಟಕ್ಕೆ, ಯಾರ ಎದುರಿನಲ್ಲಿ’ ಎಂದು ಎದುರು ವಕೀಲರು ಸಾಕ್ಷಿಯನ್ನು ಕೇಳಿರುವ ಸಂಭವ ಹೆಚ್ಚಿರುವುದು ಅಲ್ಲಿಯೇ.